ಗುಜರಿಗೆ ಹಾಕುವ ಮೊದಲು ಹಲ್ಲು ನೋಡಿ

ಒಬ್ಬ ಹುಡುಗನ ಗದ್ದಕ್ಕೆ ಬಿದ್ದ ಮೂರು ಹೊಲಿಗೆಯಿಂದಲೇ ಈ ವಿಷಯ ಶುರು ಮಾಡಬೇಕು. ಹುಡುಗ ಒಂಬತ್ತನೇ ಕ್ಲಾಸು. ಬೆಳಿಗ್ಗೆ ನಮ್ಮಲ್ಲಿ ಮದ್ರಸ ಮುಗಿಸಿ, ಮನೆಗೆ ಹೋಗಿ ತಿಂಡಿ ತಿಂದು, ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಸೈಕಲಿನಲ್ಲಿ ಹೋಗುವವನು. ಅವನು ಬಿದ್ದದ್ದು ಸೈಕಲಿನಿಂದ. ಬೀಳಲು ಕಾರಣ ನಮ್ಮ ಬಾಯಿಯಿಂದ ಬಂದ ಒಂದು ಸಲಹೆ. ಆದ್ದರಿಂದ ಇಲ್ಲಿ ನಾವು ಬರೆಯುವುದರಲ್ಲಿ ಅರ್ಧ ಮಾಹಿತಿ, ಅರ್ಧ ತಪ್ಪೊಪ್ಪಿಗೆ ಅಂತ ಓದುಗರು ತಿಳಿದುಕೊಂಡರೆ ಸಾಕು.

ಸೈಕಲು ಅವನ ಬಾಪ ಗಲ್ಫ್‌ನಿಂದ ಕಾರ್ಗೋದಲ್ಲಿ ಕಳಿಸಿದ್ದು. 26 ಇಂಚಿನ ಚಕ್ರದ ಗೇರ್ ಸೈಕಲು. ಬಂದಾಗ ಹುಡುಗನ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ, ಈಗ ಸೀಟು ಎತ್ತರಿಸಬೇಕಾಗಿದೆ. ಬಾಪ ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಹಾಗಾಗಿ ಆ ಮನೆಯಲ್ಲಿ ಸೈಕಲು ಅಂದರೆ ಬರೀ ಸೈಕಲು ಅಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಆಟಿ ತಿಂಗಳ ಮಳೆಗೆ ಹಿಂದಿನ ಗೇರಿನ ಕೇಬಲ್ ತುಂಡಾಯಿತು. ತುಂಡಾದ ಎಳೆಗಳು ಹ್ಯಾಂಡಲ್‌ನ ಲಿವರಿನೊಳಗೆ ಸಿಕ್ಕಿಕೊಂಡವು. ತೆಗೆಯಲು ಹೋದ ಗೆಳೆಯನೊಬ್ಬ ಲಿವರಿನ ಪ್ಲಾಸ್ಟಿಕ್ಕನ್ನೇ ಮುರಿದ. ಮುಂದಿನ ಗೇರು ಮೊದಲೇ ತುಕ್ಕು ಹಿಡಿದು ನಡುವಿನ ಚೈನ್‌ವೀಲಿನಲ್ಲಿ ನಿಂತುಬಿಟ್ಟಿತ್ತು. ಹುಡುಗ ಯಾರಿಗೂ ಹೇಳಲಿಲ್ಲ. ಹೇಳಿದರೆ ಉಮ್ಮ ಬಾಪನಿಗೆ ಹೇಳುತ್ತಾರೆ, ಬಾಪ ಬೇಸರ ಮಾಡಿಕೊಳ್ಳುತ್ತಾರೆ ಅಂತ ಅವನ ಲೆಕ್ಕ. ಹಾಗೆಯೇ ತುಳಿದ. ಒಂದು ದಿನ, ಎರಡು ದಿನ ಅಲ್ಲ, ಐದು ತಿಂಗಳು.

ನಾವು ಕೊಟ್ಟ ಸಲಹೆ

ಹಿಂದಿನ ಗೇರಿನ ಕೇಬಲ್ ತುಂಡಾದರೆ ಏನಾಗುತ್ತದೆ ಅಂತ ಹೆಚ್ಚಿನವರು ಗಮನಿಸುವುದಿಲ್ಲ. ಚೈನನ್ನು ಆಚೆ ಈಚೆ ದೂಡುವ ಆ ತೋಳಿನೊಳಗೆ, ಅಂದರೆ ಡಿರೇಲರಿನೊಳಗೆ, ಒಂದು ಸ್ಪ್ರಿಂಗ್ ಉಂಟು. ಸಾಮಾನ್ಯ ಸೈಕಲುಗಳಲ್ಲಿ ಕೇಬಲಿನ ಕೆಲಸ ಆ ಸ್ಪ್ರಿಂಗಿನ ವಿರುದ್ಧ ಎಳೆಯುವುದು. ಕೇಬಲ್ ಹೋದರೆ ಸ್ಪ್ರಿಂಗ್ ಗೆಲ್ಲುತ್ತದೆ, ಚೈನು ಹೋಗಿ ಅತಿ ಸಣ್ಣ ಚಕ್ರದ ಮೇಲೆ ಕೂರುತ್ತದೆ. ಈ ಸೈಕಲಿನಲ್ಲಿ ಅದು 11 ಹಲ್ಲಿನದ್ದು. ಅತಿ ಸಣ್ಣದು ಅಂದರೆ ತುಳಿಯಲು ಅತಿ ಭಾರದ್ದು. ಮುಂದೆ 34 ಹಲ್ಲು, ಹಿಂದೆ 11. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ ಒಂದು ತುಳಿತಕ್ಕೆ 6.4 ಮೀಟರ್. ಸಮತಟ್ಟು ರಸ್ತೆಯಲ್ಲಿ ಮಜಾ, ಏರಿನಲ್ಲಿ ಮೊಣಕಾಲು ಕೇಳುತ್ತದೆ. ತೊಕ್ಕೊಟ್ಟಿನಿಂದ ದೇರಳಕಟ್ಟೆ ಕಡೆಗೆ ಒಮ್ಮೆ ಸೈಕಲ್ ತುಳಿದವರಿಗೆ ನಮ್ಮ ಕಡೆಯ ಏರು ಎಂತದ್ದು ಅಂತ ಗೊತ್ತು.

ಹುಡುಗ ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದ. ಮೈಯ ಇಡೀ ಭಾರ ಪೆಡಲಿಗೆ, ಪೆಡಲಿನಿಂದ ಚೈನಿಗೆ, ಚೈನಿನಿಂದ ಆ 11 ಹಲ್ಲಿಗೆ. ಚೈನು ಹಿಂದಿನ ಚಕ್ರವನ್ನು ಸುಮಾರು ಅರ್ಧ ಸುತ್ತು ಮಾತ್ರ ತಬ್ಬಿಕೊಳ್ಳುವುದು. ಅಂದರೆ ಒಮ್ಮೆಗೆ ಹೊರೆ ಹೊರುವುದು ಐದಾರು ಹಲ್ಲು ಅಷ್ಟೆ.

ನಮಗೆ ವಿಷಯ ಗೊತ್ತಾದದ್ದು ಒಂದು ಬೆಳಿಗ್ಗೆ ಸೈಕಲು ಕರಕರ ಅನ್ನುವುದು ಕೇಳಿ. ನೋಡಿದೆವು. ಚೈನು ಜೋತುಬಿದ್ದಿತ್ತು, ತುಕ್ಕು ಹಿಡಿದಿತ್ತು. ನಾವೂ ಸಣ್ಣ ಪ್ರಾಯದಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲು ತುಳಿದವರು, ಚೈನ್ ಹಾಕಿ ಕೈ ಕಪ್ಪು ಮಾಡಿಕೊಂಡವರು. ಆ ಧೈರ್ಯದಲ್ಲಿ ಹೇಳಿದೆವು: "ಚೈನ್ ಹಳೇದಾಗಿದೆ ಮೋನೇ. ಹೊಸ ಚೈನ್ ಹಾಕಿಸು, ಸರಿಯಾಗ್ತದೆ." ಹುಡುಗ ಪೆರ್ನಾಲಿಗೆ ಸಿಕ್ಕಿದ ದುಡ್ಡಿನಲ್ಲಿ ಹೊಸ ಚೈನ್ ಹಾಕಿಸಿದ. ಮರುದಿನ ಏರಿನಲ್ಲಿ ಎದ್ದು ನಿಂತು ತುಳಿದಾಗ ಹೊಸ ಚೈನು ಹಲ್ಲಿನಿಂದ ಜಾರಿತು. ಪೆಡಲ್ ಗಾಳಿಯಲ್ಲಿ ತಿರುಗಿದಂತೆ ಕೆಳಗೆ ಹೋಯಿತು. ಹುಡುಗನ ಗದ್ದ ಹ್ಯಾಂಡಲಿಗೆ ಬಡಿಯಿತು. ಹಿಂದಿನಿಂದ ಬರುತ್ತಿದ್ದ ರಿಕ್ಷಾದವರು ಬ್ರೇಕ್ ಹಾಕಿದರು. ಅಲ್ಲಾಹನ ದಯೆ, ಹೊಲಿಗೆಯಲ್ಲಿ ಮುಗಿಯಿತು.

ಹಳೆ ಚೈನಿನಲ್ಲಿ ಐದು ತಿಂಗಳು ಜಾರದ್ದು ಹೊಸ ಚೈನಿನಲ್ಲಿ ಒಂದೇ ದಿನಕ್ಕೆ ಯಾಕೆ ಜಾರಿತು? ಇದು ನಮಗೆ ಅರ್ಥವಾದದ್ದು ಊರಿನ ಸೈಕಲ್ ಅಂಗಡಿಯ ಕಾಕನ ಹತ್ತಿರ ಹೋದ ಮೇಲೆ.

ಕಾಕ ಕೊಟ್ಟ ಲೆಕ್ಕ

ಕಾಕ ಹಳೆ ಚೈನನ್ನು ಬೆಂಚಿನ ಮೇಲೆ ಎಳೆದು ಮಲಗಿಸಿ ಮೇಸ್ತ್ರಿಗಳ ಸ್ಟೀಲ್ ಟೇಪು ಇಟ್ಟರು. "ಉಸ್ತಾದರೇ, ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಎಲ್ಲಾ ಸೈಕಲಿಗೂ ಅಷ್ಟೇ. 24 ಅಂತರ ಎಣಿಸಿ. ಸರಿ 12 ಇಂಚು ಬರಬೇಕು" ಅಂದರು. ನಾವು ಎಣಿಸಿದೆವು. 12 ಇಂಚು ದಾಟಿ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ಮೂರು ಮಿಲಿಮೀಟರಿಗಿಂತ ಹೆಚ್ಚು ಮುಂದೆ ಹೋಗಿತ್ತು.

ಚೈನು ರಬ್ಬರಿನಂತೆ ಹಿಗ್ಗುವುದಲ್ಲ. ಒಳಗಿನ ಪಿನ್ನು, ಬುಷ್ ಸವೆದು ಪ್ರತಿ ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಬರುತ್ತದೆ, ಒಟ್ಟು ಸೇರಿ ಉದ್ದವಾಗುತ್ತದೆ. 12 ಇಂಚಿಗೆ ಹದಿನಾರನೇ ಒಂದು ಭಾಗ ಉದ್ದವಾದಾಗಲೇ ಚೈನು ಬದಲಿಸಿದರೆ ಹಲ್ಲು ಉಳಿಯುತ್ತದೆ. ಎಂಟನೇ ಒಂದು ಭಾಗಕ್ಕೆ ಹೋದರೆ ಹಲ್ಲೂ ಅದರ ಜೊತೆಗೇ ಸವೆದಿದೆ ಅಂತಲೇ ಲೆಕ್ಕ. ಉದ್ದವಾದ ಚೈನೂ ಸವೆದ ಹಲ್ಲೂ ಹಳೆ ದಂಪತಿಯ ಹಾಗೆ ಹೊಂದಿಕೊಂಡಿರುತ್ತವೆ. ನಡುವೆ ಹೊಸ ಚೈನು ಬಂದರೆ ಅದರ ಅಳತೆ ಸರಿ ಅರ್ಧ ಇಂಚು, ಹಲ್ಲಿನ ಅಳತೆ ಬೇರೆ. ಮೆಲ್ಲಗೆ ತುಳಿದರೆ ಗೊತ್ತಾಗುವುದಿಲ್ಲ. ಭಾರ ಬಿದ್ದಾಗ ಚೈನು ಹಲ್ಲಿನ ಬೆನ್ನು ಹತ್ತಿ ಜಾರುತ್ತದೆ.

"ನೀವು ಚೈನ್ ಮಾತ್ರ ನೋಡಿದ್ದು, ಹಲ್ಲು ನೋಡ್ಲಿಲ್ಲ" ಅಂದರು ಕಾಕ. ಬೈದದ್ದಲ್ಲ. ಆದರೆ ಬೈದಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲ. ಹುಡುಗ ಗದ್ದದ ಬ್ಯಾಂಡೇಜು ಮುಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದ.

ಹಿಂದಿನ ಚಕ್ರ ಬಿಚ್ಚಿ ನೋಡಿದಾಗ 11 ಹಲ್ಲಿನದ್ದು ಕೊಕ್ಕೆಯ ಹಾಗೆ ಒಂದು ಕಡೆಗೆ ಬಾಗಿ ಚೂಪಾಗಿತ್ತು. ಪಕ್ಕದ 13 ಹಲ್ಲಿನದ್ದೂ ಹೋಗಿತ್ತು, ಅದು ಹೊಸದರಲ್ಲಿ ಜೋರು ಓಡಿಸಿದ ಗುರುತು. ಉಳಿದವು? ಅಲ್ಲಿಂದ ಈ ಕಥೆಯ ಎರಡನೇ ಭಾಗ ಶುರು.

ಕ್ಯಾಸೆಟ್ ಅಂದರೆ ಎಂತದು

ನಮ್ಮ ಪ್ರಾಯದವರಿಗೆ ಕ್ಯಾಸೆಟ್ ಅಂದರೆ ಟೇಪ್ ರೆಕಾರ್ಡರಿನದ್ದು. ಸೈಕಲಿನವರು ಕ್ಯಾಸೆಟ್ ಅನ್ನುವುದು ಹಿಂದಿನ ಚಕ್ರದ ನಡುವೆ ಒಂದರ ಪಕ್ಕ ಒಂದು ಕೂತ ಹಲ್ಲಿನ ಬಿಲ್ಲೆಗಳ ಗೊಂಚಲಿಗೆ. ಒಂದೊಂದು ಬಿಲ್ಲೆಗೆ ಸ್ಪ್ರಾಕೆಟ್ ಅಂತ ಹೆಸರು. ಈ ಸೈಕಲಿನದ್ದರಲ್ಲಿ ಏಳು ಬಿಲ್ಲೆ. ಹುಡುಗ ಹಲ್ಲು ಎಣಿಸಿ ನೋಟ್ ಬುಕ್ಕಿನಲ್ಲಿ ಬರೆದ: 11, 13, 15, 18, 21, 24, 28.

ಎಲ್ಲಾ ಗೇರ್ ಸೈಕಲಿನಲ್ಲೂ ಕ್ಯಾಸೆಟ್ ಇರುವುದಿಲ್ಲ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಗೇರ್ ಸೈಕಲುಗಳಲ್ಲಿ ಇರುವುದು ಫ್ರೀವೀಲು. ಅದರಲ್ಲಿ ಟಿಕ್ ಟಿಕ್ ಅನ್ನುವ ಯಂತ್ರ ಬಿಲ್ಲೆಗಳ ಒಳಗೇ ಇರುತ್ತದೆ, ಇಡೀ ಗಂಟು ಹಬ್ಬಿನ ಮರೆಯ ಮೇಲೆ ತಿರುಗಿಸಿ ಕೂರಿಸಿದ್ದು. ಕ್ಯಾಸೆಟ್ಟಿನಲ್ಲಿ ಆ ಯಂತ್ರ ಹಬ್ಬಿನಲ್ಲೇ ಉಂಟು, ಬಿಲ್ಲೆಗಳು ಅದರ ಮೇಲೆ ಬಳೆ ಹಾಕಿದ ಹಾಗೆ ಜಾರಿ ಕೂರುತ್ತವೆ. ಜಪಾನಿನ ಸಕಾಯಿ ಪಟ್ಟಣದಲ್ಲಿ 1921ರಲ್ಲಿ ಫ್ರೀವೀಲ್ ತಯಾರಿಸುತ್ತಾ ಶುರುವಾದ ಶಿಮಾನೊ ಕಂಪೆನಿ 1978ರಲ್ಲಿ ತನ್ನ ಫ್ರೀಹಬ್ಬನ್ನು ಹೊರತಂದ ಮೇಲೆ ಈ ವಿಧಾನ ಜಗತ್ತಿನಲ್ಲಿ ಹರಡಿತು.

ಯಾವುದು ಯಾವುದೆಂದು ಗುರುತಿಸುವುದು ಸುಲಭ. ಹಿಂದಿನ ಚಕ್ರ ಬಿಚ್ಚಿ ಹಿಡಿದು, ಬಿಲ್ಲೆಗಳನ್ನು ಹಿಮ್ಮುಖವಾಗಿ ತಿರುಗಿಸಿ. ನಡುವೆ ಟೂಲ್ ಕೂರಲಿಕ್ಕೆ ಇರುವ ಗೀರು ಗೀರಿನ ಭಾಗವೂ ಬಿಲ್ಲೆಗಳ ಜೊತೆ ತಿರುಗಿದರೆ ಕ್ಯಾಸೆಟ್. ಅದು ನಿಂತೇ ಇದ್ದು ಬಿಲ್ಲೆ ಮಾತ್ರ ತಿರುಗಿದರೆ ಫ್ರೀವೀಲ್. ಫ್ರೀವೀಲ್ ಆದರೆ ಮುಂದೆ ನಾವು ಹೇಳುವುದು ಅದಕ್ಕೆ ಹೊಂದುವುದಿಲ್ಲ. ಅದನ್ನು ತೆಗೆದು ಒಂದೇ ಹಲ್ಲುಚಕ್ರದ ಸಾದಾ ಫ್ರೀವೀಲ್ ಹಾಕುವ ದಾರಿ ಬೇರೆ ಉಂಟು, ಅಂಗಡಿಯವರನ್ನೇ ಕೇಳಿ.

ಒಂದೇ ಬಿಲ್ಲೆ ಯಾಕೆ

ಮಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೇಳಿದಾಗ, "ಇಡೀ ಸೆಟ್ಟೇ ಬದಲಿಸಬೇಕು. ಕ್ಯಾಸೆಟ್, ಲಿವರ್, ಕೇಬಲ್, ಡಿರೇಲರ್" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಕೊಡುವ ಶಕ್ತಿ ಇದ್ದವರು ಹಾಗೇ ಮಾಡಿಸಲಿ, ಗೇರು ಇರುವ ಸೈಕಲಿಗೆ ಗೇರು ಇದ್ದರೇ ಚೆಂದ. ಆದರೆ ಅವರು ಹೇಳಿದ ರೇಟು ಕೇಳಿ ಉಮ್ಮ, "ಇನ್ನು ಗುಜರಿಯವನು ಬಂದಾಗ ಕೊಟ್ಟುಬಿಡುದು, ಬಸ್ಸಲ್ಲಿ ಹೋಗಲಿ" ಅಂದರು. ಹುಡುಗ ಮಾತಾಡಲಿಲ್ಲ. ಬಸ್ಸಿನಲ್ಲಿ ಹೋದರೆ ಮದ್ರಸ ಮುಗಿಸಿ ಶಾಲೆಯ ಮೊದಲ ಬೆಲ್ಲಿಗೆ ಮುಟ್ಟುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಬಾಪ ಮುಂದಿನ ಸಲ ಬಂದಾಗ ಸೈಕಲು ಎಲ್ಲಿ ಅಂತ ಕೇಳುತ್ತಾರೆ.

ಕಾಕ ಮೊದಲು ಸುಲಭದ ದಾರಿ ನೋಡಿದರು. ಕ್ಯಾಸೆಟ್ಟನ್ನು ಹಾಗೇ ಬಿಟ್ಟು, ಕೇಬಲಿನ ಒಂದು ಗೇಣು ತುಂಡನ್ನು ಡಿರೇಲರಿಗೆ ಬಿಗಿದು, ಚೈನು 18ರ ಬಿಲ್ಲೆಯ ಮೇಲೆ ನಿಲ್ಲುವ ಹಾಗೆ ಮಾಡಿದರು. ಎರಡು ದಿನ ನಡೆಯಿತು. ಆದರೆ ಡಿರೇಲರಿನ ಕೀಲುಗಳು ಸವೆದು ಅಲ್ಲಾಡುತ್ತಿದ್ದವು. ಕ್ಯಾಸೆಟ್ಟಿನ ಬಿಲ್ಲೆಗಳನ್ನು ಮಾಡುವುದೇ ಚೈನು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹತ್ತಲಿ ಇಳಿಯಲಿ ಅಂತ. ಕೆಲವು ಹಲ್ಲು ಗಿಡ್ಡ, ಕೆಲವು ಓರೆ, ಬದಿಯಲ್ಲಿ ಏಣಿಯ ಹಾಗೆ ಕೆತ್ತಿದ ಗೀರು. ಡಿರೇಲರ್ ಸ್ವಲ್ಪ ಅಲ್ಲಾಡಿದರೂ ಚೈನು ಪಕ್ಕದ ಬಿಲ್ಲೆಗೆ ಹೋಗಲು ನೋಡುತ್ತಿತ್ತು. ಏರಿನಲ್ಲಿ ಒಮ್ಮೆ ತಾನಾಗಿ 21ಕ್ಕೆ ಹತ್ತಿತು. ಗದ್ದ ಒಡೆದುಕೊಂಡವನಿಗೆ ಅದು ಸಾಕಾಯಿತು.

"ಪಕ್ಕದಲ್ಲಿ ಬಿಲ್ಲೆಯೇ ಇಲ್ಲದಿದ್ರೆ ಎಲ್ಲಿಗೆ ಹೋಗ್ತದೆ?" ಅಂದರು ಕಾಕ. ಕ್ಯಾಸೆಟ್ಟನ್ನೇ ಬಿಚ್ಚುವ ತೀರ್ಮಾನವಾದದ್ದು ಹಾಗೆ.

ಯಾವ ಬಿಲ್ಲೆ ಉಳಿಸುವುದು ಅಂತ ಹುಡುಗನೇ ಲೆಕ್ಕ ಹಾಕಲಿ ಅಂತ ಬಿಟ್ಟೆವು. ಮುಂದಿನ 34ಕ್ಕೆ ಹಿಂದೆ 15 ಹಾಕಿದರೆ ಒಂದು ತುಳಿತಕ್ಕೆ ಸುಮಾರು 4.7 ಮೀಟರ್. 18 ಹಾಕಿದರೆ 3.9. 21 ಹಾಕಿದರೆ 3.35. ನಿಮಿಷಕ್ಕೆ 60 ಸುತ್ತು ತುಳಿದರೆ 18ರಲ್ಲಿ ಗಂಟೆಗೆ 14 ಕಿಲೋಮೀಟರ್ ವೇಗ. ಶಾಲೆ ನಾಲ್ಕು ಕಿಲೋಮೀಟರ್, ಅಂದರೆ ಹದಿನೇಳು ಹದಿನೆಂಟು ನಿಮಿಷ. 15 ಏರಿಗೆ ಭಾರ, 21 ಸಮತಟ್ಟಿಗೆ ನಿಧಾನ. 18ಕ್ಕೇ ಸೈ. ನಮ್ಮ ಸಾದಾ ಸೈಕಲುಗಳ ಫ್ರೀವೀಲಿನಲ್ಲೂ ಸಾಮಾನ್ಯವಾಗಿ ಇರುವುದು 18 ಹಲ್ಲೇ ಅಂತ ಕಾಕ ನಕ್ಕರು. ಆಮೇಲೆ ಹೊಸ ಚೈನನ್ನು 18ರ ಬಿಲ್ಲೆಗೆ ಸುತ್ತಿ ಎಳೆದು ಹಿಡಿದು ನೋಡಿದೆವು. ಪ್ರತಿ ಹಲ್ಲಿನ ಬುಡಕ್ಕೆ ಚೈನು ಸರಿಯಾಗಿ ಕೂತಿತು, ಎಲ್ಲೂ ಎದ್ದು ನಿಲ್ಲಲಿಲ್ಲ. ಅದೇ ಚೈನನ್ನು 11ಕ್ಕೆ ಸುತ್ತಿದಾಗ ಕೊನೆಯ ಹಲ್ಲುಗಳ ಮೇಲೆ ಚೈನು ಎದ್ದು ನಿಂತದ್ದು ಬರಿಗಣ್ಣಿಗೆ ಕಾಣುತ್ತಿತ್ತು. ಈ ಒಂದು ಪರೀಕ್ಷೆ ನಾವು ಮೊದಲೇ ಮಾಡಿದ್ದರೆ ಹೊಲಿಗೆ ಇರುತ್ತಿರಲಿಲ್ಲ.

ಬಿಚ್ಚಿದ ದಿನ

ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಕಾಕನ ಅಂಗಡಿಯಲ್ಲಿ ಕೂತೆವು. ಗೊಂಚಲನ್ನು ಹೊರಗಿನಿಂದ ಹಿಡಿದಿಟ್ಟಿರುವುದು ಲಾಕ್‌ರಿಂಗ್ ಅನ್ನುವ ಮರೆಯ ಉಂಗುರ. ಅದಕ್ಕೆ ಹಲ್ಲು ಹಲ್ಲಿನ ಒಂದು ಸಣ್ಣ ಟೂಲು ಬೇಕು, ಕಾಕನ ಹತ್ತಿರ ಇತ್ತು. ಆದರೆ ಟೂಲು ಒಂದೇ ಸಾಲದು. ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಬಿಲ್ಲೆಗಳೂ ಅದೇ ದಿಕ್ಕಿಗೆ ಸಲೀಸಾಗಿ ಟಿಕ್ ಟಿಕ್ ಅಂತ ತಿರುಗಿಬಿಡುತ್ತವೆ. ಅವನ್ನು ಹಿಡಿದು ನಿಲ್ಲಿಸಬೇಕು. ಅದಕ್ಕೆ ಕಾಕ ಹಳೆ ಚೈನಿನ ತುಂಡನ್ನು ಒಂದು ಕಬ್ಬಿಣದ ಪಟ್ಟಿಯ ತುದಿಗೆ ಬಿಗಿದು ಒಂದು ಹಿಡಿ ಮಾಡಿದ್ದರು. ಸವೆದು ಹೋದ ಚೈನಿಗೂ ಒಂದು ಕೆಲಸ ಸಿಕ್ಕಿತು. ಹುಡುಗ ಪಟ್ಟಿ ಹಿಡಿದ, ಕಾಕ ಸ್ಪ್ಯಾನರ್ ಒತ್ತಿದರು. ಟಪ್ ಅಂತ ದೊಡ್ಡ ಶಬ್ದ ಬಂತು. ನಾವು ಏನೋ ಮುರಿಯಿತು ಅಂದುಕೊಂಡೆವು. ಲಾಕ್‌ರಿಂಗಿನ ಅಡಿಯಲ್ಲಿ ಸಣ್ಣ ಗೀರುಗಳು ಕಚ್ಚಿಕೊಂಡಿರುತ್ತವೆ, ಬಿಡುವಾಗ ಶಬ್ದ ಬರುವುದೇ ಹಾಗೆ.

11ರ ಬಿಲ್ಲೆ ಬಿಡಿಯಾಗಿ ಕೈಗೆ ಬಂತು. ಉಳಿದ ಆರು ಒಟ್ಟಿಗೆ ಬಂದವು. ಹಿಂದೆ ತಿರುಗಿಸಿದರೆ ಮೂರು ಉದ್ದದ ರಿವೆಟ್ಟುಗಳು ಆರನ್ನೂ ಪೋಣಿಸಿ ಹಿಡಿದಿದ್ದವು. ಕೆಲವು ಕ್ಯಾಸೆಟ್ಟಿನಲ್ಲಿ ರಿವೆಟ್ಟಿನ ಬದಲು ಸಪೂರ ಬೋಲ್ಟು ಇರುತ್ತದೆ, ಅದನ್ನು ಬಿಚ್ಚಿದರೆ ಮುಗಿಯಿತು. ಇಲ್ಲಿ ರಿವೆಟ್ಟು. ಈ ರಿವೆಟ್ಟು ಇರುವುದು ಜೋಡಿಸುವಾಗ ಸುಲಭವಾಗಲಿ ಅಂತ. ತುಳಿಯುವ ಬಲ ಹೊರುವುದು ಹಬ್ಬಿನ ಉದ್ದಕ್ಕೆ ಇರುವ ಒಂಬತ್ತು ಗೀರುಗಳು, ರಿವೆಟ್ಟಲ್ಲ. ಹಾಗಾಗಿ ಅದನ್ನು ತೆಗೆದರೆ ಅಪಾಯವಿಲ್ಲ.

ಪಕ್ಕದ ವೆಲ್ಡಿಂಗ್ ಶಾಪಿನ ಹುಡುಗ ದೊಡ್ಡ ಬಿಲ್ಲೆಯ ಹಿಂಬದಿಯಲ್ಲಿ ಮೂರೂ ರಿವೆಟ್ಟಿನ ತಲೆಯನ್ನು ಗ್ರೈಂಡರಿನಲ್ಲಿ ಸವರಿ ತೆಗೆದ. ಕಣ್ಣಿಗೆ ಕನ್ನಡಕ ಹಾಕಿಯೇ ಈ ಕೆಲಸ ಮಾಡಬೇಕು. ಮನೆಯಲ್ಲಿ ಮಾಡುವವರು ಅರದಲ್ಲಿ ಉಜ್ಜಿದರೂ ಆಗುತ್ತದೆ, ತಾಳ್ಮೆ ಬೇಕು ಅಷ್ಟೆ. ಆಮೇಲೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಾಗ ರಿವೆಟ್ಟುಗಳು ಆಚೆ ಬಂದವು. ಬೆಂಚಿನ ಮೇಲೆ ಆರು ಬಿಲ್ಲೆ, ಅವುಗಳ ನಡುವೆ ಇದ್ದ ಐದು ಪ್ಲಾಸ್ಟಿಕ್ ಬಳೆ. ಹುಡುಗ ಒಂದೊಂದನ್ನೂ ಡೀಸೆಲಿನಲ್ಲಿ ತೊಳೆದು ಹಳೆ ಲುಂಗಿ ತುಂಡಿನಲ್ಲಿ ಒರೆಸಿ ಸಾಲಾಗಿ ಇಟ್ಟ.

ಕೂಡಿಸುವುದೇ ಕಷ್ಟ

ಬಿಚ್ಚಲು ಒಂದು ಗಂಟೆ, ಕೂಡಿಸಲು ಮೂರು ಗಂಟೆ. ಕಾರಣ ಇಷ್ಟೆ. ಏಳು ಬಿಲ್ಲೆ, ಬಳೆ ಎಲ್ಲಾ ಸೇರಿ ಸುಮಾರು 32 ಮಿಲಿಮೀಟರ್ ಜಾಗ ತುಂಬಿತ್ತು. ಈಗ ಒಂದೇ ಬಿಲ್ಲೆ, ಅದರ ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ. ಖಾಲಿ ಜಾಗ ತುಂಬದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಬಿಲ್ಲೆ ಅಲ್ಲಾಡುತ್ತದೆ. ಐದು ಬಳೆ ಸೇರಿದರೆ 16 ಮಿಲಿಮೀಟರಿನ ಹತ್ತಿರ ಬಂತು. ಇನ್ನೂ ಬೇಕು.

ಕಾಕ ಆಗ ಬದಿಗಿಟ್ಟ 11ರ ಬಿಲ್ಲೆಯನ್ನು ಎತ್ತಿಕೊಂಡರು. ಹುಡುಗ, "ಅದು ಬೇಡ ಕಾಕಾ" ಅಂದ. "ಚೈನ್ ಅದಕ್ಕೆ ಮುಟ್ಟುದಿಲ್ಲ ಮೋನೇ. ಇದು ಇನ್ನು ಹಲ್ಲಲ್ಲ, ಬರೀ ವಾಷರ್" ಅಂದರು. ಅತಿ ಹೊರಗೆ, ಲಾಕ್‌ರಿಂಗಿನ ಅಡಿಗೆ ಅದನ್ನೇ ಹಾಕಿದರು. ಅದರ ಮೈಗೆ ಅಂಟಿಕೊಂಡ ಬಳೆ ಸೇರಿ ಐದು ಮಿಲಿಮೀಟರ್ ತುಂಬಿತು. ಲಾಕ್‌ರಿಂಗಿನ ಗೀರು ಕಚ್ಚಿಕೊಳ್ಳಲಿಕ್ಕೂ ಅದೇ ಸರಿಯಾದ ಜಾಗ.

ಉಳಿದದ್ದು ಒಂಬತ್ತು ಮಿಲಿಮೀಟರ್ ಚಿಲ್ಲರೆ. ಅದಕ್ಕೆ ಮನೆ ಕೆಲಸದಲ್ಲಿ ಉಳಿದ 40 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡು ಸಿಕ್ಕಿತು. ಹ್ಯಾಕ್ಸಾದಲ್ಲಿ ಕೊಯ್ದು ನೆಲದ ಮೇಲೆ ಹಾಕಿದ ಮರಳು ಕಾಗದದಲ್ಲಿ ಎರಡೂ ಮುಖ ಉಜ್ಜಿದೆವು. ಮುಖ ಓರೆಯಾದರೆ ಬಿಲ್ಲೆಯೂ ಓರೆ ಕೂರುತ್ತದೆ. ಮೊದಲನೆಯದು ಓರೆ ಬಂತು, ಬಿಸಾಡಿದೆವು. ಎರಡನೆಯದು ಸರಿ ಬಂತು. ದುಡ್ಡು ಕೊಟ್ಟರೆ ಇದಕ್ಕೆಂದೇ ಮಾಡಿದ ಅಲ್ಯೂಮಿನಿಯಂ ಬಳೆಗಳೂ, ಎಲ್ಲಾ ಹಲ್ಲೂ ಒಂದೇ ಎತ್ತರ ಇರುವ ದಪ್ಪದ ಒಂಟಿ ಬಿಲ್ಲೆಯೂ ಸಿಗುತ್ತದೆ. ಅದು ಇದಕ್ಕಿಂತ ಒಳ್ಳೆಯದು.

ಇನ್ನು ಬಿಲ್ಲೆ ಎಲ್ಲಿ ಕೂರಬೇಕು ಅನ್ನುವುದು. ಮುಂದಿನ ಚೈನ್‌ವೀಲಿನ ನೇರಕ್ಕೇ ಹಿಂದಿನ ಬಿಲ್ಲೆ ಇರಬೇಕು. ಮೇಸ್ತ್ರಿಗಳ ನೂಲನ್ನು ಮುಂದಿನ ಹಲ್ಲಿಗೆ ತಾಗಿಸಿ ಹಿಂದಕ್ಕೆ ಎಳೆದು ನೋಡಿದೆವು. ಮೊದಲ ಸಲ ಬಿಲ್ಲೆ ಸುಮಾರು ಮೂರು ಮಿಲಿಮೀಟರ್ ಒಳಗಿತ್ತು. ಹೊರಗಿನ ಒಂದು ಬಳೆ ತೆಗೆದು ಒಳಗೆ ಹಾಕಿದಾಗ ನೂಲು ನೇರ ಬಂತು. ಎಲ್ಲಾ ಬಿಲ್ಲೆಯೂ ಒಂದೇ ರೀತಿಯಲ್ಲಿ ಮಾತ್ರ ಕೂರುವ ಹಾಗೆ ಹಬ್ಬಿನ ಒಂಬತ್ತು ಗೀರಿನಲ್ಲಿ ಒಂದರ ಅಗಲ ಬೇರೆ ಇರುತ್ತದೆ. ಅದನ್ನು ನೋಡಿಕೊಂಡು ಹಾಕಿದರೆ ತಪ್ಪುವುದಿಲ್ಲ.

ಹಬ್ಬಿನ ಆ ಭಾಗ ಕಬ್ಬಿಣದ್ದಾ ಅಲ್ಯೂಮಿನಿಯಮ್ಮಾ ಅಂತ ಒಂದು ಅಯಸ್ಕಾಂತ ತಾಗಿಸಿ ನೋಡುವುದು ಒಳ್ಳೆಯದು. ಅಲ್ಯೂಮಿನಿಯಂ ಆದರೆ ತೆಳು ಒಂಟಿ ಬಿಲ್ಲೆ ಅದರೊಳಗೆ ಕಚ್ಚಿ ಗಾಯ ಮಾಡುತ್ತದೆ. ನಮ್ಮದಕ್ಕೆ ಅಯಸ್ಕಾಂತ ಅಂಟಿತು, ನೆಮ್ಮದಿಯಾಯಿತು.

ಲಾಕ್‌ರಿಂಗ್ ಬಿಗಿಯುವ ಅಳತೆ 40 ನ್ಯೂಟನ್ ಮೀಟರ್. ಅಂದರೆ 40 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 10 ಕೆಜಿ ಅಕ್ಕಿ ತೂಗಿದಷ್ಟು ಬಲ. ಪ್ಲಾಸ್ಟಿಕ್ ಬಳೆ, ಪೈಪು ಸ್ವಲ್ಪ ಅಮರಿಕೊಳ್ಳುವುದರಿಂದ ಒಂದು ವಾರ ಓಡಿಸಿ ಇನ್ನೊಮ್ಮೆ ಬಿಗಿಯಬೇಕು. ನಮ್ಮದು ಕಾಲು ಸುತ್ತು ಸಡಿಲವಾಗಿತ್ತು.

ಚೈನು ಬಿಗಿ ಇರಬೇಕಲ್ಲ ಅಂತ ನೀವು ಕೇಳಬಹುದು. ಸಾದಾ ಸೈಕಲಿನಲ್ಲಾದರೆ ಹಿಂದಿನ ಚಕ್ರವನ್ನೇ ಹಿಂದಕ್ಕೆ ಎಳೆದು ಬಿಗಿ ಮಾಡುತ್ತೇವೆ. ಇದರಲ್ಲಿ ಆಕ್ಸಲ್ ಕೂರುವ ಕಚ್ಚು ಕೆಳಮುಖ, ಎಳೆಯಲು ಬರುವುದಿಲ್ಲ. ಅದಕ್ಕೇ ಹಳೆ ಡಿರೇಲರನ್ನು ತೆಗೆಯಲಿಲ್ಲ. ಗೇರು ಬದಲಿಸುವ ಕೆಲಸ ಅದಕ್ಕಿಲ್ಲ, ಚೈನನ್ನು ಬಿಗಿ ಹಿಡಿಯುವ ಕೆಲಸ ಮಾತ್ರ. ಕೀಲು ಸವೆದಿದ್ದರೂ ಅಷ್ಟು ಮಾಡುತ್ತದೆ. ಕೇಬಲಿನ ಗೇಣು ತುಂಡು ಅದನ್ನು 18ರ ನೇರಕ್ಕೆ ನಿಲ್ಲಿಸಿತು. ಚೈನಿನ ಹೆಚ್ಚಿನ ಉದ್ದ ತೆಗೆದೆವು. ಚೈನಿನ ಕೊಂಡಿ ಒಂದು ಅಗಲ ಒಂದು ಸಪೂರ ಇರುವುದರಿಂದ ಯಾವಾಗಲೂ ಜೋಡಿಯಾಗಿಯೇ ತೆಗೆಯಬೇಕು.

ಏರು

ಪರೀಕ್ಷೆಗೆ ಹುಡುಗನನ್ನು ಮೊದಲು ಕಳಿಸಲಿಲ್ಲ. ಸಲಹೆ ಕೊಟ್ಟದ್ದು ನಾವು, ಈ ಸಲ ಬೀಳುವುದಾದರೆ ನಾವೇ ಬೀಳಬೇಕು ಅಂತ ಹೇಳಿ ಹತ್ತಿದೆವು. ಪಂಚೆ ಎತ್ತಿ ಕಟ್ಟಿ, ಟೊಪ್ಪಿ ಕಿಸೆಗೆ ಹಾಕಿ, ಊರವರೆಲ್ಲ ನೋಡುವಾಗ ಏರಿನಲ್ಲಿ ಎದ್ದು ನಿಂತು ತುಳಿದೆವು. ಚೈನು ಜಾರಲಿಲ್ಲ. ಶಬ್ದವೂ ಇಲ್ಲ. ಮೂರನೇ ಸಲ ಏರಿ ಇಳಿದ ಮೇಲೆ ಉಸಿರು ಸಾಲದೆ ಸೈಕಲು ಹುಡುಗನ ಕೈಗೆ ಕೊಟ್ಟೆವು.

ಈಗ ಅವನು ದಿನಾ ಅದರಲ್ಲೇ ಹೋಗುತ್ತಾನೆ. ಸಮತಟ್ಟಿನಲ್ಲಿ ಗೆಳೆಯರು ಅವನನ್ನು ಹಿಂದೆ ಹಾಕುತ್ತಾರೆ, ಅದಕ್ಕೆ ಸ್ವಲ್ಪ ಬೇಸರ ಉಂಟು. ಅತಿ ಕಡಿದಾದ ಜಾಗದಲ್ಲಿ ಇಳಿದು ದೂಡುತ್ತಾನೆ. ತಿಂಗಳಿಗೊಮ್ಮೆ ಸ್ಟೀಲ್ ಟೇಪು ತಂದು 24 ಅಂತರ ಎಣಿಸುತ್ತಾನೆ. ಉಳಿದ 15, 21, 24, 28ರ ಬಿಲ್ಲೆಗಳು ಕಾಕನ ಅಂಗಡಿಯ ಒಂದು ಡಬ್ಬಿಯಲ್ಲಿ ಎಣ್ಣೆ ಹಚ್ಚಿ ಇಟ್ಟಿವೆ. ಯಾರಿಗಾದರೂ ಬೇಕಾದೀತು. 13ರದ್ದನ್ನು ಮಾತ್ರ ಗುಜರಿಗೆ ಹಾಕಿದೆವು.

ಕೊನೆಗೆ ಬಾಪನಿಗೆ ಹೇಳಿದ್ದು ಹುಡುಗನೇ. ಅಷ್ಟು ದಿನ ವೀಡಿಯೋ ಕಾಲ್ ಬಂದಾಗ ಗದ್ದಕ್ಕೆ ಕೈ ಇಟ್ಟುಕೊಂಡು ಮಾತಾಡುತ್ತಿದ್ದನಂತೆ. ಒಂದು ರಾತ್ರಿ ಕೈ ತೆಗೆದ. ಕೇಬಲ್ ತುಂಡಾದದ್ದರಿಂದ ಹಿಡಿದು ಎಲ್ಲಾ ಹೇಳಿದ, ಫೋನನ್ನು ಹಿಂದಿನ ಚಕ್ರದ ಹತ್ತಿರ ಹಿಡಿದು ಆ ಒಂದು ಬಿಲ್ಲೆಯನ್ನು ತೋರಿಸಿದ. ಬೈಯುತ್ತಾರೆ ಅಂತ ನಾವೂ ಪಕ್ಕದಲ್ಲಿ ಕೂತಿದ್ದೆವು, ತಪ್ಪು ನಮ್ಮದು ಅಂತ ಹೇಳಲು. ಬಾಪ ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಬ್ರೇಕ್ ಸರಿ ಉಂಟಾ ಮೋನೇ?"

ನಾವು ಮೂವರೂ ಅಷ್ಟು ದಿನ ಹಲ್ಲು ಎಣಿಸಿದವರು, ಬ್ರೇಕ್ ನೋಡಿರಲಿಲ್ಲ. ಮರುದಿನ ನೋಡಿದರೆ ಹಿಂದಿನ ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಕಾಕ ಎರಡು ಜೋಡಿ ಹೊಸ ರಬ್ಬರು ಹಾಕಿ ಕೊಟ್ಟರು.